ಎಡಗೈಯ ಹಿಡಿ

ಮೊಳೆ ಇರುವ ಮರ ಬೇಡ ಎನ್ನುತ್ತಾರೆ ಮಿಲ್ಲಿನ ಯಜಮಾನರು.
ಸರಿಯೇ. ಹಲ್ಲು ಮುರಿದರೆ ಅರ ಹಿಡಿದು ಕೂರುವವನು ನಾನು,
ಇಪ್ಪತ್ತಾರು ವರ್ಷ, ಕುಂಬಳೆಯಲ್ಲಿ,
ಗರಗಸದ ಒಂದೊಂದು ಹಲ್ಲಿಗೂ ಮೂರು ಎಳೆತ.

ಕೊಯಿಪ್ಪಾಡಿಯಿಂದ ಟೆಂಪೋದಲ್ಲಿ ಬಂದ ದೋಣಿಯ ಹಲಗೆಗಳು
ಹಾಗೆ ಅಂಗಳದಲ್ಲೇ ಉಳಿದವು.
ಫೈಬರಿನದ್ದು ಬಂದ ಮೇಲೆ ಇದು ಯಾರಿಗೆ?
ಬೇಕರಿಯವರು ಒಲೆಗೆಂದು ಕೇಳಿದ್ದರು; ಉಪ್ಪು ಕುಡಿದ ಮರ
ಚಟಚಟ ಸಿಡಿಯುತ್ತದೆಂದು ಅವರೂ ಬಿಟ್ಟರು.

ಅದರಲ್ಲೊಂದು ತುಂಡು ಹೆಬ್ಬಲಸು.
ಮೂತಿಯ ಕಡೆಯದ್ದಿರಬೇಕು, ಕೊಂಬೆ ಕವಲೊಡೆದ ಜಾಗ.
ಕಪ್ಪು ಎಣ್ಣೆಯ ಕೆಳಗೆ ಏನಿದೆಯೆಂದು
ಉಳಿಯಿಂದ ಒಂದು ಸಿಪ್ಪೆ ತೆಗೆದು
ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ.
ಅಬ್ಬ!
ಇಳಿತದ ಹೊತ್ತು ನೀರು ಬಿಟ್ಟುಹೋದ ಮರಳಿನ ಹಾಗೆ
ಗೆರೆಯ ಬೆನ್ನಿಗೆ ಗೆರೆ, ನಡುವೆ ಒಂದು ಸುಳಿ,
ಸುಳಿಯ ಪಕ್ಕ ತಾಮ್ರದ ಮೊಳೆ ಕಕ್ಕಿದ ಹಸಿರುಗಪ್ಪು ಕಲೆ.
ಉಗುಳು ಆರಿತು. ಮತ್ತೆ ಬರೀ ಹಲಗೆ.

ಯಾರಿಗೆ ಎಂದು ಆಗಲೇ ಗೊತ್ತಿತ್ತು.
ನಮ್ಮವಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಒಂದೂವರೆ ತಿಂಗಳು
ಕತ್ತರಿಸಿ ತೊಳೆದ ಬಂಗುಡೆ
ಬಾಳೆಲೆಯಲ್ಲಿ ಸುತ್ತಿ ಕಿಟಕಿಗೆ ಸಿಕ್ಕಿಸಿ ಹೋಗುತ್ತಿದ್ದವಳು
ವಾರಿಜಕ್ಕ. ದುಡ್ಡಿನ ಮಾತೆತ್ತಿದರೆ
ಕೇಳಿಸದವಳ ಹಾಗೆ ತಕ್ಕಡಿಯ ಮುಳ್ಳು ನೋಡುತ್ತಿದ್ದಳು.

ಅವಳದ್ದು ಎಡಗೈ.
ಅಂಗಡಿಯ ಕತ್ತಿಗಳೆಲ್ಲ ಬಲಗೈಯವರಿಗೆ ಹುಟ್ಟಿದವು.
ಮೀನಿನ ನೆವದಲ್ಲಿ ನಾಲ್ಕು ದಿನ ನಿಂತು ನೋಡಿದೆ:
ಕಿರುಬೆರಳು ಎಲ್ಲಿ ಒತ್ತುತ್ತದೆ, ಹೆಬ್ಬೆರಳು ಎಲ್ಲಿಗೆ ಏರುತ್ತದೆ,
ಅಂಜಲಿನ ಬೆನ್ನುಮೂಳೆಗೆ ಬರುವಾಗ
ಮಣಿಕಟ್ಟು ಎಷ್ಟು ವಾಲುತ್ತದೆ.
ಐದನೇ ದಿನ ಕೇಳಿಯೇಬಿಟ್ಟಳು,
“ಎಂತ ಬಟ್ಯಣ್ಣ, ನೋಡುವುದು ಮೀನನ್ನಾ, ನನ್ನನ್ನಾ?”
ಇಡೀ ಮಾರ್ಕೆಟು ನಕ್ಕಿತು.
ಬೇಡದ ಒಂದು ಕಿಲೋ ಬೂತಾಯಿ ಹಿಡಿದು ಮನೆಗೆ ಬಂದೆ.

ಅಲಗಿಗೆ, ತುಂಡಾದ ಬ್ಯಾಂಡ್ ಗರಗಸವೇ.
ಹಲಗೆಯನ್ನು ತೆಳ್ಳಗೆ ಸೀಳಿ ಪುಸ್ತಕದ ಹಾಗೆ ಬಿಡಿಸಿದಾಗ
ಆ ಕಡೆಗೊಂದು ಸುಳಿ, ಈ ಕಡೆಗೊಂದು,
ಒಂದನ್ನೊಂದು ನೋಡುತ್ತ.
ಮೊದಲ ಜೋಡಿ ತೂತು ಕೊರೆಯುವಾಗ ಒಡೆಯಿತು.
ಎರಡನೆಯದಕ್ಕೆ ಉಸಿರು ಹಿಡಿದೆ.
ಹಳೇ ಸ್ಟೌವಿನ ಪಂಪಿನ ಹಿತ್ತಾಳೆ ಕಂಬಿ, ಎರಡು ಟ್ಯೂಬಿನ ಅಂಟು,
ರಾತ್ರಿಯಿಡೀ ವೈಸಿನ ಹಲ್ಲಲ್ಲಿ.
ಅರ, ಉಪ್ಪುಕಾಗದ, ಅದಕ್ಕಿಂತ ನಯದ ಕಾಗದ,
ಅಗಸೆ ಎಣ್ಣೆ ಏಳು ಸಲ.
“ನನಗೊಂದು ಸೌಟು ಮಾಡಲಿಕ್ಕೆ ಮಾತ್ರ ಪುರುಸೊತ್ತಿಲ್ಲ”
ಎಂದಳು ನಮ್ಮವಳು, ಟಾರ್ಚು ಇನ್ನಷ್ಟು ಹತ್ತಿರ ಹಿಡಿಯುತ್ತ.

ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು.
ಐಸಿನ ಪೆಟ್ಟಿಗೆಯ ಮೇಲಿಟ್ಟೆ. ಅವಳು ಎತ್ತಿಕೊಂಡಳು.
ಬೆರಳುಗಳು ಹೋಗಿ ತಂತಮ್ಮ ಜಾಗದಲ್ಲಿ ಕೂತವು.
ಏನೂ ಹೇಳಲಿಲ್ಲ. ತಿರುಗಿಸಿ ಬಿಸಿಲಿಗೆ ಹಿಡಿದಳು;
ಗೆರೆಗಳು ಒಮ್ಮೆ ಅಲುಗಾಡಿದವು.
“ಸುಮ್ಮನೆ ತಕ್ಕೊಂಡರೆ ನೆಂಟು ಕಡಿದುಹೋಗುತ್ತದೆ” ಎಂದು
ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಇಟ್ಟಳು.
ನಾಣ್ಯಕ್ಕೆ ಮೀನಿನ ಹುರುಪೆ ಅಂಟಿತ್ತು.

ಮುಂದಿನ ಆದಿತ್ಯವಾರ ಹೋದರೆ
ಹಿಡಿಯ ಸುತ್ತ ಸೈಕಲ್ ಟ್ಯೂಬು,
ಬಿಗಿಯಾಗಿ, ತುದಿಯಿಂದ ಬುಡದವರೆಗೆ.
ನನ್ನ ಮುಖ ನೋಡಿದಳೋ ಏನೋ,
“ಲೋಳೆಗೆ ಜಾರುತ್ತದೆ ಮಾರಾಯರೆ. ನೀವು ನುಣ್ಣಗೆ ಮಾಡಿದ್ದು ಜಾಸ್ತಿಯಾಯಿತು.
ಚಂದ ಒಳಗಿದೆಯಲ್ಲ, ಎಲ್ಲಿಗೆ ಹೋಗುತ್ತದೆ?”
ಎನ್ನುತ್ತ ಅಂಜಲಿನ ತಲೆ ಒಂದೇ ಏಟಿಗೆ ತೆಗೆದಳು.

ಮಾರನೆಯ ದಿನ ಮಿಲ್ಲಿನಲ್ಲಿ
ಉಳಿದ ತುಂಡು ಸೌಟಿಗೆ ಸಾಕಾದೀತೋ ಎಂದು ಗೇಣು ಹಾಕಿದೆ.
ಸಾಲದು.
ಚಮಚಕ್ಕೆ ಆಗಬಹುದು.