ಹೆಸರು ಆಮೇಲೆ

ಬೈತಖೋಲ ಬಂದರಿನಲ್ಲಿ, ಐಸ್ ಫ್ಯಾಕ್ಟರಿಯ ಮಾಳಿಗೆಯ ಮೇಲೆ
ನಮ್ಮ ಆಫೀಸು. ಎರಡು ಮೇಜು, ಒಂದು ಫ್ಯಾನು.
ಕೆಳಗೆ ಮಂಜುಗಡ್ಡೆ ಪುಡಿಯಾಗುವಾಗ
ಮೇಲೆ ನನ್ನ ಮೌಸಿನ ಬಾಣವೂ ನಡುಗುತ್ತದೆ.

ನಾವು ಮಾಡುವುದು ಆ್ಯಪು ಮಾಡುವ ಹತ್ಯಾರು,
ಉಳಿ, ಕೊಡತಿ ಇದ್ದ ಹಾಗೆ.
ಕೋಡ್ ಬಾರದವರೂ ಎಳೆದು, ಇಟ್ಟು, ಜೋಡಿಸಬಹುದಂತೆ.
ನನ್ನ ಪಾಲಿಗೆ ಬಂದದ್ದು ಹೊಸ್ತಿಲು ಮಾತ್ರ,
ಮೊದಲ ಮೂರು ನಿಮಿಷ.
ಅಷ್ಟರಲ್ಲೇ ನೂರಕ್ಕೆ ಅರವತ್ತು ಜನ
ಮೆಟ್ಟಿಲಿಂದ ಹಿಂದಿರುಗುತ್ತಾರೆ ಎಂದು ಗ್ರಾಫು ಹೇಳುತ್ತದೆ.
ಯಾಕೆಂದು ಹೇಳುವುದಿಲ್ಲ.

ಏಳು ಪರದೆ ಬಿಡಿಸಿಟ್ಟಿದ್ದೆ.
ಮೊದಲನೆಯದರಲ್ಲಿ ಒಂದು ಏಡಿ, ಚಿಮಟದ ಕೈ ಬೀಸಿ
'ಬನ್ನಿ ಬನ್ನಿ' ಅನ್ನುತ್ತಿತ್ತು;
ಅದರ ಕಣ್ಣಿಗೇ ಎರಡು ದಿನ ಹಿಡಿದಿತ್ತು.
ಕೆಳಗೆ ಏಳು ಚುಕ್ಕಿ, ದಾಟಿದಷ್ಟೂ ನೀಲಿ.
ಪುಣೆಯ ಸಾಹೇಬರು ಫೋನಿನಲ್ಲೇ ಭೇಷ್ ಅಂದಿದ್ದರು.

ನಿಜವಾದವರೊಬ್ಬರಿಗೆ ತೋರಿಸಬೇಕಿತ್ತು.
ಕೆಳಗೆ ಮೀನು ಹರಾಜಿನ ಲೆಕ್ಕ ಬರೆಯುವ
ಶೇವಂತಿ ತಾಂಡೇಲ ಹತ್ತಿ ಬಂದರು.
ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡರೂ
ಪರದೆಗೊಂದು ಬೆಳ್ಳಿ ಹುರುಪೆ ಅಂಟಿತು.
ಅವರಿಗೆ ಬೇಕಾದದ್ದು ಇಷ್ಟೇ:
ದೋಣಿ ದಕ್ಕೆಗೆ ಬಂದದ್ದು
ಕೋಡಿಬಾಗದ, ಮಾಜಾಳಿಯ ಬುಟ್ಟಿಯ ಹೆಂಗಸರಿಗೆ ತಿಳಿಯಬೇಕು.
ರಿಕ್ಷಾಕ್ಕೆ ದುಡ್ಡು ಸುರಿದು ಬಂದು
ಖಾಲಿ ನೀರು ನೋಡುತ್ತ ಕೂರಬಾರದು.

'ಏಡಿ ಮಾರುವ ಆ್ಯಪಾ ಇದು?' ಕೇಳಿದರು ಮೊದಲಿಗೆ.
ಎರಡನೆಯದನ್ನು ಓದದೆ ತಳ್ಳಿದರು.
ಮೂರನೆಯದರಲ್ಲಿ ಬೆರಳು ನಿಂತಿತು.
'ನಿಮ್ಮ ಪ್ರಾಜೆಕ್ಟಿಗೆ ಹೆಸರಿಡಿ.'
ಪಕ್ಕದಲ್ಲಿ ಕೆಂಪು ನಕ್ಷತ್ರ. ಕಡ್ಡಾಯ.

ನಾನು ಬಾಯಿ ಬಿಡಬಾರದು, ಅದು ಪರೀಕ್ಷೆಯ ನಿಯಮ.
ತುಟಿಗೆ ಬಂದ ಸಹಾಯವನ್ನು ಬಿಸ್ಕೀಟಿನ ಜೊತೆ ನುಂಗಿದೆ.
ಕೆಳಗೊಂದು ಲಾರಿ ಕೂಗುತ್ತ ಹಿಂದೆ ಸರಿಯಿತು.
ಅವರು ಬರೆದರು, ಅಳಿಸಿದರು, ಮತ್ತೆ ಬರೆದರು:
ಗಂಡನ ಹೆಸರು, ಕುಲದೇವರದು,
ಹಳೆಯ ದೋಣಿಯದು. ಯಾವುದೂ ಕೂರಲಿಲ್ಲ.

ಫೋನನ್ನು ಬೋರಲು ಹಾಕಿ ಹೇಳಿದರು:
'ಅಲ್ಲ ಬಾಯೋ, ಎಂತ ಆಗ್ತದೆ ಅಂತಲೇ ಗೊತ್ತಿಲ್ಲ,
ಹೆಸರು ಎಲ್ಲಿಂದ ತರಲಿ?
ಹಲಗೆ ಕೂಡಿಸಿ, ಸಂದಿಗೆ ಹತ್ತಿ ತುಂಬಿ, ಎಣ್ಣೆ ಕುಡಿಸಿ,
ದೋಣಿ ದೋಣಿ ಹಾಗೆ ಕಂಡ ಮೇಲೆ
ಬಣ್ಣದವನು ಬಂದು ಹೆಸರು ಬರೀತಾನೆ.
ನಿಮ್ಮಲ್ಲಿ ಬಣ್ಣದವನೇ ಬಾಗಿಲಲ್ಲಿ ನಿಂತು
ಒಳಗೆ ಬಿಡ್ತಿಲ್ಲ!'

ಆ ರಾತ್ರಿ ಏಡಿಯನ್ನು ಕೈಯಾರೆ ಅಳಿಸಿದೆ.
ಸುಳ್ಳೇಕೆ, ಬೇರೊಂದು ಫೋಲ್ಡರಿನಲ್ಲಿ ಬಚ್ಚಿಟ್ಟೆ.
ಏಳು ಚುಕ್ಕಿಗಳೂ ಹೋದವು.
ಉಳಿದದ್ದು ಒಂದು ಬಿಳಿ ಹಾಳೆ, ನಡುವೆ ಆಗಲೇ ಒಂದು ಗುಂಡಿ,
ಗುಂಡಿಯೊಳಗೆ ಮಿಣುಕುವ ಗೆರೆ.

'ಇಮೇಲು? ಪಾಸ್‌ವರ್ಡು? ಹೆಸರು?' ಪುಣೆ ಕೇಳಿತು.
ಆಮೇಲೆ ಸಾರ್, ಅಂದೆ.
ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು;
ಯಾವೂರು, ಯಾರ ಪೈಕಿ, ಎಲ್ಲ ಆಮೇಲೆ.
ಪುಣೆ ನಿಟ್ಟುಸಿರು ಬಿಟ್ಟಿತು. 'ಎರಡು ವಾರ ನೋಡುವಾ.'

ಗುರುವಾರ ಶೇವಂತಿಯಕ್ಕ ಮತ್ತೆ ಬಂದರು.
ಗುಂಡಿಯ ಮೇಲೆ ಒಂದೇ ಮಾತು ಬರೆದರು: 'ಬಂತು.'
ಒತ್ತಿದರು.
ಕೆಳಗೆ ನಾದಿನಿಯ ಬುಟ್ಟಿಯೊಳಗೆ
ಬಂಗಡೆಗಳ ನಡುವೆ ಫೋನು ಕಿರುಗುಟ್ಟಿತು.
ಮೆಟ್ಟಿಲಿನಿಂದ ಕೂಗು: 'ಬಂದದ್ದು ಯಾವುದೇ?'

'ಹೌದಲ್ಲ' ಎಂದು ನಕ್ಕರು.
ನನ್ನ ಕಡೆ ನೋಡಲೂ ಇಲ್ಲ;
ಮೂಲೆಯ ಕೂಡು ಚಿಹ್ನೆ ಅವರ ಬೆರಳಿಗೇ ಸಿಕ್ಕಿತು.
ಜಲರಾಣಿ, ಏಕವೀರಾ, ಸಮುದ್ರಪುತ್ರ...
ಹೆಸರುಗಳು ಈಗ ಬಲೆಯಿಂದ ಕೊಡವಿದ ಹಾಗೆ ಬಿದ್ದವು.
ಸ್ಟಾಪ್‌ವಾಚು ಒತ್ತಲು ನಾನು ಮರೆತಿದ್ದೆ.

ತಿಂಗಳಾಯಿತು. ಪಟ್ಟಿಯಲ್ಲಿ ಅವರದ್ದು ಇನ್ನೂ
'ಹೆಸರಿಲ್ಲದ್ದು 1'.
ದಿನಕ್ಕೆ ನಲವತ್ತು ಸಲ ತೆರೆಯುತ್ತದೆ.