ರೈಟರ್

ಅಮ್ಮತ್ತಿಯಾಚೆಯ ಈ ತೋಟದಲ್ಲಿ
ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ.
ಹತ್ತೊಂಬತ್ತು ವರ್ಷದಿಂದ ನಾನು ರೈಟರು.
ಕುಶಾಲನಗರದಿಂದ ಬಂದ ರಟ್ಟಿನ ಪೆಟ್ಟಿಗೆಯ ಮೇಲೂ
ಅದೇ ಹೆಸರು: ರೈಟರ್.
ನಿಯಾಜ್ ನಕ್ಕ. ಸಾವ್ಕಾರ್ರು ನಕ್ಕರು.
ನಾನೂ, ಸ್ವಲ್ಪ ತಡವಾಗಿ.

ಒಳಗೆ ಅಕ್ಕಿರೊಟ್ಟಿಯಷ್ಟೂ ಅಗಲವಿಲ್ಲದ ಬಿಳಿ ಹಲಗೆ.
ಒಂದು ಬಾಲ, ಒಂದು ಕಣ್ಣು.
ಬಾಲವನ್ನು ಕಂಪ್ಯೂಟರಿಗೆ ಸಿಕ್ಕಿಸಿದೆವು;
ಕಣ್ಣು ಕೆಂಪಗೆ ಕೂತೇ ಇತ್ತು.
'ಡ್ರೈವರ್ ಬೇಕು' ಎಂದ ನಿಯಾಜ್.
ಜೀಪಿನ ಹಂಸ ಬಾಗಿಲಲ್ಲಿ ಇಣುಕಿ
'ಎಲ್ಲಿಗೆ?' ಅಂದ.

ಡ್ರೈವರ್ ಇಳಿಯಬೇಕಾದದ್ದು ಆಕಾಶದಿಂದ.
ಸಿಗ್ನಲ್ ಸಿಗುವುದೋ ಕಣದ ಮೂಲೆಯಲ್ಲಿ ಮಾತ್ರ,
ಒಣಗಿದ ಕಾಫಿಯ ನಡುವೆ ಬರಿಗಾಲಲ್ಲಿ ನಿಂತರೆ.
ನಿಯಾಜ್ ಮುಕ್ಕಾಲು ಗಂಟೆ ನಿಂತ.

ಆಮೇಲೂ ಅದು ಬಾಯಿ ಬಿಡಲಿಲ್ಲ.
ಮೇಜು ಕಬ್ಬಿಣದ್ದು;
ಕಬ್ಬಿಣದ ಮೇಲೆ ಕೂರಿಸಿದರೆ ಇದಕ್ಕೆ ಕಿವುಡಂತೆ.
ಕಪಾಟಿನಿಂದ ನನ್ನ ಹಳೆಯ ರಿಜಿಸ್ಟರುಗಳನ್ನು ಇಳಿಸಿ
ಒಂದರ ಮೇಲೊಂದು ಪೇರಿಸಿದೆವು.
ಮೂರು ವರ್ಷದ ಲೆಕ್ಕದ ಎತ್ತರದಲ್ಲಿ
ಕಣ್ಣು ಹಸಿರಾಯಿತು.

ಒಂದು ಸಲಕ್ಕೆ ಒಂದೇ ಬಿಲ್ಲೆ.
ಎರಡು ಹತ್ತಿರವಿದ್ದರೆ ಇವಳ ಲೆಕ್ಕ ಅವಳಿಗೆ.
ಮೊದಲು ಓದಿಸು. ಆಮೇಲೆ ಬರೆ.
ಬರೆದದ್ದನ್ನು ಮತ್ತೆ ಓದಿಸು.
ಪೀಪ್ ಎಂದರೆ ಆಯಿತು,
ಪೀಪ್ ಪೀಪ್ ಎಂದರೆ ಆಗಲಿಲ್ಲ.
ಇಷ್ಟೇ ವಿದ್ಯೆ. ಮಧ್ಯಾಹ್ನದೊಳಗೆ ಬಂತು.

ನನ್ನ ಪುಸ್ತಕದಲ್ಲಿ ಮೂವರು ಮುತ್ತೆಯರು:
ಹೊಳೆ ಲೈನಿನ ಮುತ್ತೆ, ಬೊಳಕನ ಹೆಂಡತಿ ಮುತ್ತೆ,
ಹಲ್ಲಿಲ್ಲದ ಮುತ್ತೆ.
'ಹೆಸರು ಬೇಡ ಅಣ್ಣ, ನಂಬರು ಸಾಕು.'
ಹದಿಮೂರು, ಹದಿನಾಲ್ಕು, ಹದಿನೈದು.
ಹಲ್ಲಿನ ವಿಷಯ ಎಲ್ಲೂ ಬರಲಿಲ್ಲ.

ಕೊನೆಗೆ ಲಾಕ್.
ಒತ್ತಿದ ಮೇಲೆ ಇಗ್ಗುತಪ್ಪನೇ ಬಂದರೂ ತಿದ್ದಲಾಗದು.
ನನ್ನ ಬೆರಳು ಅಲ್ಲಿ ಸ್ವಲ್ಪ ತಡೆಯಿತು.
ಪುಸ್ತಕದಲ್ಲಿ, ಹೇಳಬಾರದು,
ಒಂದಕ್ಕೆ ಒಂದು ಗೆರೆ ಎಳೆದರೆ ಏಳಾಗುತ್ತದೆ.
ಬಾಣಂತಿಯ ಹೆಸರಿನೆದುರು ಆಗಿದ್ದುಂಟು,
ಜ್ವರದವಳ ಎದುರು ಎರಡು ಸಲ.
ಅರವತ್ತೆರಡು ಬಿಲ್ಲೆಗಳನ್ನೂ ಲಾಕ್ ಮಾಡಿದೆ.

ಸಂಜೆ ಐದಕ್ಕೆ ಕಣದಲ್ಲಿ ತೂಕ.
ಅಸ್ಸಾಮಿನ ಜಮೀಲಾ ತಾಯತದಂತೆ ಕೊರಳಿಗೆ ಕಟ್ಟಿದ್ದಳು.
ಹಲ್ಲಿಲ್ಲದ ಮುತ್ತೆ ಎಲೆಯಡಿಕೆ ಸಂಚಿಯಲ್ಲಿಟ್ಟು
ಬಿಲ್ಲೆಗೆಲ್ಲ ಸುಣ್ಣ ಮೆತ್ತಿಸಿ ತಂದಳು.
ಸುಣ್ಣದೊಳಗಿಂದಲೂ ಓದಿತು.
ಅಷ್ಟಕ್ಕೆ ಮಾತ್ರ ನಾನು ತಲೆದೂಗಿದೆ.

ಇಪ್ಪತ್ತೇಳು ಪಾಲಿ. ಇಪ್ಪತ್ತೆಂಟು ಅವಳ ತಂಗಿ ಚಿಕ್ಕಿ.
ಚರಂಡಿ ದಾಟುವಾಗ ಜಾರಿ ಪಾಲಿಯ ಮಣಿಕಟ್ಟು
ಹಲಸಿನ ತೊಳೆಯಂತೆ ಊದಿತ್ತು.
ಒಂದೇ ಕೈಯಲ್ಲಿ ಕೊಯ್ದದ್ದು ಬುಟ್ಟಿಯ ತಳಕ್ಕೂ ಸಾಲದು;
ಅದನ್ನೂ ತಂಗಿಯ ಚೀಲಕ್ಕೇ ಸುರಿದಿದ್ದಳು.
ಚಿಕ್ಕಿ ಮೊದಲ ಚೀಲ ತಕ್ಕಡಿಗೆ ಎತ್ತಿಟ್ಟಳು,
ಸೆರಗಿನ ಗಂಟು ಬಿಚ್ಚಿ ಬಿಲ್ಲೆ ತೋರಿಸಿದಳು.
ಪೀಪ್. ಪರದೆಯಲ್ಲಿ ಇಪ್ಪತ್ತೆಂಟು, ನಲವತ್ತೊಂಬತ್ತು ಕಿಲೋ.
ಎರಡನೇ ಚೀಲ. ಅದೇ ಗಂಟು, ಬೇರೆ ಬಿಲ್ಲೆ.
ಪೀಪ್. ಇಪ್ಪತ್ತೇಳು,
ನಲವತ್ತನಾಲ್ಕು.

ಯಂತ್ರ ತಪ್ಪಲಿಲ್ಲ.
ಬೆಳಿಗ್ಗೆ ನಾನು ಬರೆದದ್ದನ್ನೇ ಓದಿತು.
ಸಾವ್ಕಾರ್ರು ಪರದೆ ನೋಡುತ್ತ
'ಪಾಲಿ ಪರವಾಗಿಲ್ಲವೇ' ಎಂದರು.
'ರೈಟರೇ?' ಎಂದೂ ಕರೆದರೇನೋ.
ನಾನು ಮೇಜಿನ ಕೆಳಗೆ ಬಗ್ಗಿದ್ದೆ,
ಪೆನ್ನಿನ ಮುಚ್ಚಳ ಹುಡುಕುತ್ತ.
ಅಂದು ನಾನು ಪೆನ್ನು ತಂದೇ ಇರಲಿಲ್ಲ.