ಮೂವತ್ತೇಳು, ಇಪ್ಪತ್ತೊಂಬತ್ತು

ಕಿಟಕಿಯ ಆ ಕಡೆ ಚೆನ್ನಕ್ರಿಷ್ಟಪ್ಪ.
ಕೈಯಲ್ಲಿ ಹನ್ನೊಂದು ಸಂಬಳ ಚೀಟಿ,
ಮಡಚಿದ ಗೆರೆಗೆ ಮೆಷಿನ್ ಎಣ್ಣೆ ಹಿಡಿದಿದೆ.
ಒಂದೊಂದರಲ್ಲೂ ಕೆಳಗಿನಿಂದ ಮೂರನೇ ಸಾಲಿಗೆ
ಪೆನ್ಸಿಲ್ ಗುರುತು: ವೃತ್ತಿ ತೆರಿಗೆ, ನೂರೈವತ್ತು.

"ನಮ್ ಯೂನಿಟ್ಟಲ್ಲಿ ಇದು ಯಾರ್ಗೂ ಹಿಡಿಯಲ್ಲಂತೆ, ಮೇಡಂ.
ನನ್ಗೊಬ್ಬನ್ಗೇ ಯಾಕೆ?"

ಜಗಳದ ದನಿಯಲ್ಲ. ಕಾಲರು ತಿರುವಿ
ಹೊಲಿಗೆ ಹಾರಿದ ಕಡೆ ಉಗುರಿಟ್ಟು ತೋರಿಸುತ್ತಾರಲ್ಲ,
ಆ ದನಿ. ಇಪ್ಪತ್ತೆರಡು ವರ್ಷದ ಚೆಕರ್.

ಕಂಪ್ಯೂಟರಿನಲ್ಲಿ ಅವರ ಸಾಲು ತೆರೆದೆ.
ಹೆಸರು ಸರಿ. ಪಿಎಫ್ ನಂಬರು ಸರಿ.
ರಾಜ್ಯ ಎಂಬ ಚೌಕದಲ್ಲಿ ಮೂವತ್ತೇಳು.
ಮೂವತ್ತೇಳು ಅಂದರೆ ಆಂಧ್ರ. ನಾವು ಇಪ್ಪತ್ತೊಂಬತ್ತು.

ಏಪ್ರಿಲ್‌ನಲ್ಲಿ ಹಿಂದೂಪುರದ ಯೂನಿಟ್ ಬಿಟ್ಟು
ಗೌರಿಬಿದನೂರಿಗೆ ಬಂದ ಮನುಷ್ಯ.
ಡಬ್ಬಿ ಬಂತು, ಕತ್ತರಿ ಬಂತು, ಕನ್ನಡಕ ಬಂತು,
ಹೆಂಡತಿಯ ರೇಷನ್ ಕಾರ್ಡೂ ಕೊನೆಗೆ ಬಂತು.
ನೂರೈವತ್ತು ಮಾತ್ರ ತಿಂಗಳಾ ತಿಂಗಳಾ
ಗಡಿ ದಾಟಿ ವಾಪಸು ಹೋಗುತ್ತಿತ್ತು,
ಹಳೇ ಮನೆ ಹುಡುಕಿಕೊಂಡು ಹೋಗುವ ಬೆಕ್ಕಿನ ಹಾಗೆ.

ಇಲ್ಲಿ ಹದಿನೆಂಟು ಸಾವಿರದ ನಾನೂರಕ್ಕೆ ಈ ತೆರಿಗೆಯೇ ಇಲ್ಲ.
ಹನ್ನೊಂದು ಸಲ ನೂರೈವತ್ತು:
ಸಾವಿರದ ಆರುನೂರ ಐವತ್ತು.

ಈಗ ಪಿನಾಕಿನಿಯನ್ನು ತರಬಹುದಿತ್ತು:
ನಂದಿಯಲ್ಲಿ ಹುಟ್ಟಿ, ನಮ್ಮೂರ ಪಕ್ಕ ಹಾದು,
ಯಾರನ್ನೂ ಕೇಳದೆ ಆ ಕಡೆಗೆ ಹರಿಯುವ ಹೊಳೆಗೆ
ಗಡಿ ಎಲ್ಲಿಯದು ಎಂದು.
ಹೊಳೆಗೆ ಸಂಬಳವೂ ಇಲ್ಲ.
ಎಷ್ಟೋ ವರ್ಷ ನೀರೂ ಇಲ್ಲ,
ಸೇತುವೆ ಮೇಲೆ ಬಸ್ಸಿನಿಂದ ಬಗ್ಗಿದರೆ ಬರೀ ಜಾಲಿ.

ಹಿಂದೂಪುರದ ಕಚೇರಿಗೆ ಫೋನು ಮಾಡಿದೆ.
ಕಟ್ಟಿದವರು ನೀವು, ಕೇಳಬೇಕಾದವರೂ ನೀವು,
ಚಲನ್ ಲಗತ್ತಿಸಿ, ಮೂರು ಪ್ರತಿ.
ನಮ್ಮ ಮ್ಯಾನೇಜರು: "ಬಂದಾಗ ಕೊಡೋಣ ಬಿಡಿ."
ಚೆನ್ನಕ್ರಿಷ್ಟಪ್ಪ ಮೆಲ್ಲಗೆ:
"ಹಿಡ್ಕೊಳ್ಳೋವಾಗ ಹಂಗ್ ಅನ್ಲಿಲ್ವಲ್ಲ ಸಾರ್."
ಮ್ಯಾನೇಜರು ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ಒಪ್ಪಿಗೆ ಪತ್ರ ಕನ್ನಡದಲ್ಲಿ ಟೈಪ್ ಮಾಡಿ ಓದಿ ಹೇಳಿದೆ.
ತಲೆಯಾಡಿಸಿ, ಕೆಳಗೆ ತೆಲುಗಿನಲ್ಲಿ ರುಜು ಹಾಕಿದರು,
ದುಂಡಗೆ, ತಲೆಕಟ್ಟು ತುಸು ಬಾಗಿಸಿ.
ಎರಡು ಲಿಪಿ ಒಂದೇ ಹಾಳೆಯಲ್ಲಿ
ದಾಯಾದಿಗಳಂತೆ, ಮುಖ ಹೋಲುತ್ತಾ,
ಮಾತಾಡದೆ ಕೂತವು.

ಆಗ ನೆನಪಾಯಿತು ಆ ಏಪ್ರಿಲ್.
ಇದೇ ಕಿಟಕಿ. "ಕೊತ್ತಗಾ ವಚ್ಚಿನಾ ಮೇಡಂ" ಅಂದಿದ್ದರು.
ವಿಳಾಸ ಕೇಳಲಿಲ್ಲ ನಾನು. ವರ್ಗಾವಣೆ ಪತ್ರ ತಿರುವಲಿಲ್ಲ.
ಪರದೆಯಲ್ಲಿ ಪಟ್ಟಿ ಇಳಿಯಿತು,
ಕಿವಿ ಹೇಳಿದ್ದನ್ನು ಬೆರಳು ಒತ್ತಿತು.
ಅರ್ಜಿಯಲ್ಲಿ ಬರೆದಿದ್ದೇನೆ: ತಾಂತ್ರಿಕ ದೋಷ.

ನಮ್ಮಜ್ಜಿ ಕನ್ನಡದಲ್ಲಿ ಬೈದು
ತೆಲುಗಿನಲ್ಲಿ ಕಾಸು ಎಣಿಸುತ್ತಿದ್ದಳು.
ಅವಳು ಈ ಕಿಟಕಿಗೆ ಬಂದಿದ್ದರೆ
ಮೊದಲು ಬಯ್ಯುವುದೋ ಎಣಿಸುವುದೋ,
ಅದರ ಮೇಲೆ ನಿಂತಿರುತ್ತಿತ್ತು ಅವಳ ರಾಜ್ಯ.

ಮಾರ್ಚ್ ಸಂಬಳಕ್ಕೆ ಕಂಪನಿಯೇ ಸೇರಿಸಿತು.
ಆಂಧ್ರದ ಉತ್ತರ ಇನ್ನೂ ಬಂದಿಲ್ಲ.
ಚೆನ್ನಕ್ರಿಷ್ಟಪ್ಪ ಹೊಸ ಚೀಟಿ ಹಿಡಿದು, ಕನ್ನಡಕ ಏರಿಸಿ,
ಕೆಳಗಿನಿಂದ ಮೂರನೇ ಸಾಲು ನೋಡಿದರು.
"ಸೊನ್ನೆ. ಇದೊಂದು ಎರಡು ಕಡೇಲೂ ದುಂಡಗೇ ಇರತ್ತೆ"
ಅಂದು ಜೇಬಿಗಿಟ್ಟುಕೊಂಡರು. ನಗಲಿಲ್ಲ.

ಸಂಜೆ ಶಿಫ್ಟ್ ಬಿಟ್ಟ ಮೇಲೆ
ಮುನ್ನೂರ ಹನ್ನೆರಡು ಸಾಲಿಗೂ ಬೆರಳಿಟ್ಟು ಇಳಿದೆ.
ಇನ್ನೂ ನಾಲ್ಕು ಮೂವತ್ತೇಳು.
ಓಬುಳಮ್ಮ. ಪೆದ್ದಿರೆಡ್ಡಿ. ಶಂಷಾದ್. ವೆಂಕಟಲಚ್ಚಮ್ಮ.
ಎಲ್ಲರ ಮನೆಯೂ ಇಲ್ಲೇ, ಸೈಕಲ್ ದೂರದಲ್ಲಿ.

ಶಂಷಾದಳದು ಎರಡು ವರ್ಷ ಆಗಿದೆ.
ಅವಳು ಕೇಳೇ ಇಲ್ಲ.